ಮಾವನವರು ಹಸಿರು ಬಳಿದ ವಿಮಾನ

ನಮ್ಮ ಕಡೆಯ ಮನೆಗಳಲ್ಲಿ ಉಳಿದ ಸಾರನ್ನಾದರೂ ಚೆಲ್ಲಬಹುದು, ಉಳಿದ ಪೇಂಟನ್ನು ಚೆಲ್ಲುವ ಹಾಗಿಲ್ಲ. ಗೇಟಿಗೆಂದು ತಂದ ಡಬ್ಬದಲ್ಲಿ ಒಂದು ಲೋಟದಷ್ಟು ಮಿಕ್ಕರೂ ಸಾಕು, ಅದಕ್ಕೊಂದು ಗತಿ ಕಾಣಿಸುವ ತನಕ ಹಿರಿಯರಿಗೆ ಸಮಾಧಾನವಿಲ್ಲ. ಮೊದಲು ಕಿಟಕಿಯ ಸರಳು, ಆಮೇಲೆ ಸ್ಟೂಲು, ಗ್ಯಾಸ್ ಸಿಲಿಂಡರಿನ ಸ್ಟ್ಯಾಂಡು, ತುಳಸಿ ಕುಂಡ, ಕೊನೆಗೆ ಏನೂ ಸಿಗದಿದ್ದರೆ ಗುದ್ದಲಿಯ ಹಿಡಿ. ದೊಡ್ಡಬಳ್ಳಾಪುರದಲ್ಲಿ ಯಾರ ಮನೆಗೆ ಹೋದರೂ ಕೂರಲು ಕೊಟ್ಟ ಸ್ಟೂಲು ನೋಡಿಯೇ ಅವರ ಗೇಟಿನ ಬಣ್ಣ ಯಾವುದೆಂದು ನಾನು ಹೇಳಬಲ್ಲೆ. ಈ ಪದ್ಧತಿಯ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ, ಅದು ನನ್ನ ವಿಮಾನದ ತನಕ ಬರುವವರೆಗೆ.

ವಿಮಾನ ಎಂದ ತಕ್ಷಣ ಗಾಬರಿಯಾಗಬೇಡಿ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಲೆಕ್ಕ ನೋಡಿಕೊಳ್ಳುವವನ ಹತ್ತಿರ ಇರಬಹುದಾದಂಥ ವಿಮಾನ, ಗೇಣುದ್ದದ್ದು, ಪ್ಲಾಸ್ಟಿಕ್ಕಿನದು. ಪೆಟ್ಟಿಗೆಯಲ್ಲಿ ಬಿಡಿಬಿಡಿ ಭಾಗಗಳಾಗಿ ಬರುತ್ತದೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಯಾವುದೋ ಹಳೆಯ ಯುದ್ಧವಿಮಾನದ ತದ್ರೂಪು ಮಾಡಬೇಕು. ಮೀಸೆ ಹಣ್ಣಾದ ಮೇಲೆ ಇದೆಂಥ ಆಟ ಎಂದು ನನ್ನ ಹೆಂಡತಿ ಸುಜಾತ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಮನೆಗೆ ಬಂದವರಿಗೆ ಅವಳೇ, "ನಮ್ಮನೆಯವರಿಗೆ ಕುಡಿಯೋ ಅಭ್ಯಾಸ ಇಲ್ಲ, ಇದೊಂದಿದೆ" ಎಂದು ಹೇಳಿ ತೋರಿಸುತ್ತಾಳೆ. ಈ ಸಲದ ವಿಮಾನಕ್ಕೆ ಬೇಕಾಗಿದ್ದದ್ದು ಒಂದು ಬೂದು ಬಣ್ಣ. ಬರೀ ಬೂದು ಅಲ್ಲ. ಸಮುದ್ರದ ಬಿಸಿಲಿಗೆ ಮಾಸಿದ, ಒಂಚೂರು ನೀಲಿ ಬೆರೆತ ಬೂದು. ನಾನು ಸಮುದ್ರ ನೋಡಿರುವುದೇ ಅಪರೂಪ, ಅದು ಬೇರೆ ಮಾತು. ಆ ಬಣ್ಣ ಬೆರೆಸಿ, ಬಳಿದು, ಮನಸ್ಸಿಗೆ ಬಾರದೆ ಒರೆಸಿ, ಮತ್ತೆ ಬೆರೆಸುವುದರಲ್ಲಿ ಒಂದು ಇಡೀ ಬೇಸಿಗೆ ಕಳೆದಿದ್ದೆ.

ನಮ್ಮ ಮಾವನವರು ತೂಬಗೆರೆ ಕಡೆಯ ರೈತರು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಗೆ ಬಂದರೆ ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು. "ಮಳೆ ಹೆಂಗೆ ಅಳಿಯಂದ್ರೇ, ಈ ಕಡೆ?" ಎನ್ನುವರು. "ಪರವಾಗಿಲ್ಲ ಮಾವ" ಎನ್ನುವೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ಆಮೇಲೆ ಇಬ್ಬರೂ ಅವರ ಬಸ್ಸಿನ ಹೊತ್ತು ಕಾಯುತ್ತಿದ್ದೆವು. ಅಂಥವರು ಆಷಾಢ ಕಳೆದ ಮೇಲೆ ಒಂದು ದಿನ ತಾವಾಗಿಯೇ ಬಂದು ನಮ್ಮ ತುಕ್ಕು ಹಿಡಿದ ಗೇಟಿಗೆ ಬಣ್ಣ ಹೊಡೆದರು. ನಾನು ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಗೇಟು ಹಸಿರು, ಸ್ಟೂಲು ಹಸಿರು, ತುಳಸಿ ಕುಂಡ ಹಸಿರು, ಟೀವಿ ಪಕ್ಕದ ನನ್ನ ವಿಮಾನವೂ ಹಸಿರು. ಒಳಗೆ ಕೂತ ಗೊಂಬೆ ಪೈಲಟ್ಟನ ತಲೆಯ ಮೇಲಿನ ಗಾಜಿನಂಥ ಮುಚ್ಚಳವನ್ನು ನಾನಿನ್ನೂ ಅಂಟಿಸಿರಲಿಲ್ಲವಾದ್ದರಿಂದ ಅದೊಂದು ಬಚಾವಾಗಿತ್ತು. ಪೈಲಟ್ ಬಚಾವಾಗಿರಲಿಲ್ಲ.

"ಬರೀ ಪ್ರೈಮರ್ ಹೊಡ್ದು ಬಿಟ್ಬಿಟ್ಟಿದ್ರಲ್ಲ ಅಳಿಯಂದ್ರೇ. ನಿಮ್ಗೆಲ್ಲಿ ಪುರುಸೊತ್ತು ಅಂತ ನಾನೇ ಮುಗಿಸ್ಬಿಟ್ಟೆ" ಎಂದರು ಮಾವ. ನನ್ನ ಒಂದು ಬೇಸಿಗೆ ಅವರ ಕಣ್ಣಿಗೆ, ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಆಗಿತ್ತು. ಹೊಟ್ಟೆ ಉರಿದುಹೋಯಿತು. ಆದರೆ ಅವರು ಅವತ್ತು ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಆನಿಸಿ ಕೂತಿದ್ದರು, ಮುಖದಲ್ಲಿ ನಗುವಿತ್ತು. "ಬಹಳ ಚೆನ್ನಾಗಿದೆ ಮಾವ, ಈ ಹಸಿರು ಅಂದ್ರೆ ನನಗೆ ಪ್ರಾಣ" ಎಂದುಬಿಟ್ಟೆ. ಚೆನ್ನಾಗಿದೆ ಎನ್ನುವಲ್ಲಿಗೆ ನಿಲ್ಲಿಸಬೇಕಿತ್ತು. ಪ್ರಾಣದ ತನಕ ಹೋಗುವ ಅಗತ್ಯವಿರಲಿಲ್ಲ.

ಅವರು ಬಸ್ಸು ಹತ್ತಿದ ಮೇಲೆ ಸುಜಾತ ಖಡಾಖಂಡಿತವಾಗಿ ಹೇಳಿದಳು: "ಏನಾದ್ರೂ ಮಾಡ್ಕೊಳ್ರೀ. ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತರ್ತಾರೆ, ಅವರ ಮನಸ್ಸು ಮಾತ್ರ ನೋಯಬಾರ್ದು. ಈ ಮನೇಲಿ ಅವರು ನಮ್ಮನೆ ಅಂದ್ಕೊಂಡು ಮಾಡಿದ್ದು ಇದೊಂದೇ." ನನಗೆ ನನ್ನ ಬೂದು ಬೇಕು, ಮಾವನ ಮನಸ್ಸೂ ಕೆಡಬಾರದು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನಾನು ಯೋಚಿಸಲಿಲ್ಲ. ಮೊದಲು ಬಣ್ಣ ತೆಗೆಯೋಣ ಎಂದುಕೊಂಡೆ.

ಹಾರ್ಡ್‌ವೇರ್ ಅಂಗಡಿಯವನು "ಥಿನ್ನರ್ ಹಾಕಿ ಸಾರ್, ಹಂಗೇ ಎದ್ದು ಬರ್ತದೆ" ಎಂದ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಗಳನ್ನು ಎಸೆಯದೆ, ಬಣ್ಣ ಬಳಿದು ನೋಡಲು ಇಟ್ಟುಕೊಂಡಿರುತ್ತೇನೆ. ಪುಣ್ಯಕ್ಕೆ ಹಾಗೆ ಬಣ್ಣ ಬಳಿದಿದ್ದ ಒಂದು ಕಡ್ಡಿಯ ಮೇಲೆ ಮೊದಲು ಹಾಕಿ ನೋಡಿದೆ. ಬಣ್ಣ ಎದ್ದು ಬಂತು, ಅದರ ಹಿಂದೆಯೇ ಕಡ್ಡಿಯೂ ಕರಗಿದ ಬೆಲ್ಲದಂತೆ ಬೆರಳಿಗೆ ಬಂತು. ಸುಜಾತಳ ಉಗುರುಬಣ್ಣ ಅಳಿಸುವ ನೀರಿನದೂ ಅದೇ ಕಥೆ. ಕೊನೆಗೆ ಸ್ಕೂಟರ್ ಗ್ಯಾರೇಜಿನಿಂದ ಬ್ರೇಕ್ ಆಯಿಲ್ ತಂದೆ. ಅದರಲ್ಲಿ ಒಂದು ದಿನ ನೆನೆದರೂ ಕಡ್ಡಿ ಕಡ್ಡಿಯಾಗಿಯೇ ಇತ್ತು. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದು, ಮುಚ್ಚಳವಿರುವ ಡಬ್ಬದಲ್ಲಿ ವಿಮಾನವನ್ನು ಮುಳುಗಿಸಿ ಅಟ್ಟದ ಮೇಲಿಟ್ಟೆ. ನೋಡಲು ಅದು ಥೇಟ್ ಅಡುಗೆ ಎಣ್ಣೆ. ಸುಜಾತ ನನ್ನನ್ನು ನಂಬದೆ ತಾನೇ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 'ವಿಷ' ಎಂದು ಬರೆದಳು.

ಮಾರನೆಯ ದಿನ ತೆಗೆದರೆ ಹಸಿರು ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆತ್ತಗೆ ಉಜ್ಜಿದೆ. ಹಸಿರು ಹೋಯಿತು, ಅದರ ಜೊತೆಗೇ ನನ್ನ ಬೂದೂ ಹೋಯಿತು. ಹೋಗುತ್ತದೆಂದು ಗೊತ್ತಿಲ್ಲದ್ದೇನಲ್ಲ, ಆದರೂ ಒಂದಾಸೆ ಇತ್ತು. ಬ್ರೇಕ್ ಆಯಿಲ್ಲಿಗೆ ಮಾವನ ಬಣ್ಣ, ಅಳಿಯನ ಬಣ್ಣ ಎಂಬ ಭೇದವಿಲ್ಲ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೇಪರಿನ ಮೇಲೆ ಒಣಗಲು ಇಟ್ಟೆ. ಅಷ್ಟರಲ್ಲಿ, ಹಬ್ಬದ ದಿನ ಬರುತ್ತಾರೆಂದುಕೊಂಡಿದ್ದ ಮಾವ ಹಿಂದಿನ ದಿನವೇ ಗೇಟು ತೆರೆದುಕೊಂಡು ಒಳಗೆ ಬಂದರು.

ಬಾಗಿನದ ಚೀಲ ಇಳಿಸುವ ಮೊದಲೇ ಅವರ ಕಣ್ಣು ಬೋಳು ವಿಮಾನದ ಮೇಲೆ ಬಿತ್ತು. ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. "ಬಣ್ಣ ಎಲ್ಲೋಯ್ತು ಅಳಿಯಂದ್ರೇ?" ಎಂದು ಮೆಲ್ಲಗೆ ಕೇಳಿದರು. ಸುಜಾತ ಒಳಗಿನಿಂದಲೇ, "ಅವತ್ತು ಹಸಿ ಬಣ್ಣದ ಮೇಲೆ ಧೂಳು ಕೂತ್ಬಿಡ್ತು ಕಣಪ್ಪಾ, ಅದ್ಕೇ ಅವರೇ ತೆಗೆದು ರೆಡಿ ಮಾಡವ್ರೆ, ನೀನು ಬಂದು ಹೊಡೀಲಿ ಅಂತ" ಎಂದಳು. ಇವಳನ್ನು ಲೆಕ್ಕಪತ್ರದ ಕೆಲಸಕ್ಕೆ ಕಳಿಸಬೇಕಿತ್ತು.

ಮಾವನಿಗೆ ಹೋದ ಜೀವ ಬಂದಂತಾಯಿತು. ಚೀಲಕ್ಕೆ ಕೈ ಹಾಕಿ ಮೊರದ ಕೆಳಗಿನಿಂದ ಒಂದು ಹೊಸ ಡಬ್ಬ ತೆಗೆದರು. "ನಿಮ್ಗೆ ಪ್ರಾಣ ಅಂದ್ರಲ್ಲ, ಅದ್ಕೇ ತಂದೆ. ಹಳೇ ಡಬ್ಬದ ಮುಚ್ಚಳ ಜೇಬಲ್ಲಿಟ್ಕೊಂಡು ಇದ್ದಬದ್ದ ಅಂಗಡಿಗೆಲ್ಲ ಹೋಗಿದ್ದೆ. ಒಬ್ಬ ಬೇರೆ ಕೊಟ್ಟ, ಒಂಚೂರು ಹಳದಿ ಹೊಡೀತಿತ್ತು. ಕೇಳಿದ್ರೆ ಎರಡೂ ಒಂದೇ ಅಂತಾನೆ. ಒಂದೇ ಹೆಂಗಾಯ್ತದೆ ಹೇಳಿ?" ಒಂದೇ ಹೇಗಾಗುತ್ತದೆ ಎಂದು ನಾನು ಎಷ್ಟು ಜನರ ಹತ್ತಿರ ವಾದ ಮಾಡಿಲ್ಲ! ಈ ಕಾಯಿಲೆ ಇರುವ ಇನ್ನೊಬ್ಬರು ನಮ್ಮ ಮಾವನೇ ಎಂದು ಗೊತ್ತಾಗಿ ನಿಜವಾಗಿಯೂ ಖುಷಿಯಾಯಿತು.

ಮುಂಬಾಗಿಲ ಮೆಟ್ಟಿಲ ಮೇಲೆ ಕೂತೆವು. ನಾನು ವಿಮಾನದ ಹೊಟ್ಟೆ ಹಿಡಿದುಕೊಂಡೆ, ಅವರು ಬಳಿದರು. ಸ್ವಲ್ಪ ಹೊತ್ತಿನ ಮೇಲೆ ಕುಂಚ ಎತ್ತಿ, "ಹೆಂಗದೆ?" ಎಂದರು. ಬಹಳ ಚೆನ್ನಾಗಿದೆ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂತು. ಆದರೆ ಎಡಗಡೆ ರೆಕ್ಕೆಯಲ್ಲಿ ಬಣ್ಣ ತೆಳುವಾಗಿ ಪ್ಲಾಸ್ಟಿಕ್ ಇಣುಕುತ್ತಿತ್ತು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. "ಎಡಗಡೆಗೆ ಇನ್ನೊಂದು ಕೋಟ್ ಬೇಕು ಮಾವ" ಎಂದೆ. ಸುಜಾತ ಬಾಗಿಲಲ್ಲಿ ನಿಂತು ನನ್ನನ್ನೇ ದುರುಗುಟ್ಟಿ ನೋಡಿದಳು. ಮಾವ ಮಾತ್ರ ರೆಕ್ಕೆಯನ್ನು ಬೆಳಕಿಗೆ ಹಿಡಿದು, "ನಾನೂ ಅದನ್ನೇ ನೋಡ್ತಿದ್ದೆ ಕಣ್ರೀ" ಎಂದು ಕುಂಚ ಅದ್ದಿದರು. ಮದುವೆಯಾದಂದಿನಿಂದ ನಾನು ಅವರಿಗೆ ಹೇಳಿದ ಮೊದಲನೆಯ ನಿಜ ಅದೇ ಇರಬೇಕು. ಆ ಬೂದು ಪ್ರೈಮರ್ ಅಲ್ಲವೆಂಬ ಎರಡನೆಯದನ್ನೂ ಅವತ್ತೇ ಹೇಳಿಬಿಡಬಹುದಿತ್ತು. ಆದರೆ ಹಬ್ಬಕ್ಕೊಂದು ನಿಜ ಸಾಕು ಅನ್ನಿಸಿತು.