ಮೂರು ಕೊಟೇಷನ್ನು, ಒಂದೇ ಪಾಠ

ಮೊದಲು ಹೊಕ್ಕ ಅಂಗಡಿಯಲ್ಲೇ ಸಾಮಾನು ಕೊಂಡುಬಿಡುವವರನ್ನು ಕಂಡರೆ ನನಗೆ ಒಂದು ಬಗೆಯ ಭಯ. ಅವರಿಗೆ ರಾತ್ರಿ ಅನ್ನ ಹೇಗೆ ಸೇರುತ್ತದೋ ತಿಳಿಯದು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಳ್ಳಬೇಕಾದರೂ ನಾನು ಮೂರು ತಳ್ಳುಗಾಡಿಗಳಲ್ಲಿ ವಿಚಾರಿಸುತ್ತೇನೆ. ಮೂರನೆಯವನ ಬೆಲೆ ಕೇಳಿ, ಮೊದಲನೆಯವನೇ ವಾಸಿ ಎಂದು ತೀರ್ಮಾನಿಸಿ ಹಿಂದಿರುಗುವಷ್ಟರಲ್ಲಿ ಅವನು ಗಾಡಿ ತಳ್ಳಿಕೊಂಡು ಮುಂದಿನ ಕ್ರಾಸಿಗೆ ಹೋಗಿರುತ್ತಾನೆ. ಹಾಗಾಗಿ ನಮ್ಮ ಮನೆಯ ಸಾರಿಗೆ ಕೊತ್ತಂಬರಿ ಬೀಳುವುದು ಅಪರೂಪ. ನಮ್ಮೆಜಮಾನರು ಕೂಡ ನನ್ನನ್ನು ನೋಡಲು ಬಂದ ಮೂರನೆಯ ಗಂಡು. "ನಾನು ಎಲ್-ಒನ್ ಕಣ್ರೀ" ಎಂದು ನೆಂಟರೆದುರು ಹೇಳಿಕೊಳ್ಳುತ್ತಾರೆ. ಬಂದ ಕೊಟೇಷನ್ನುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದಕ್ಕೆ ನಮ್ಮ ಆಫೀಸಿನಲ್ಲಿರುವ ಹೆಸರು ಅದು. ನಾನು ಅಲ್ಲಗಳೆಯಲು ಹೋಗುವುದಿಲ್ಲ.

ಈ ಚಾಳಿ ಅಂಟಿದ್ದು ಕೆಲಸದಿಂದ. ಹೇರೋಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಲೆಕ್ಕ ಬರೆಯುವವಳು. ಮಾಲೀಕರಾದ ಚಿಕ್ಕಣ್ಣನವರು ಅಲ್ಲಿನ ಹಳಬರು; ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಹಾಕಿ ಪಂಪಿನ ಬಿಡಿಭಾಗ ಮಾಡಿಸುತ್ತಾರೆ. ನಾನು ಸೇರಿದ ಹೊಸದರಲ್ಲಿ ಅಲ್ಲಿ ಯಾರು ಏನನ್ನು ಎಲ್ಲಿ ಬೇಕಾದರೂ ಕೊಳ್ಳುತ್ತಿದ್ದರು. ಮೂರು ಕಡೆಯಿಂದ ಕೊಟೇಷನ್ ತರಿಸಿ, ಅಕ್ಕಪಕ್ಕ ಇಟ್ಟು ಕಂಪಾರಿಟಿವ್ ಎಂಬ ಹೋಲಿಕೆಯ ಪಟ್ಟಿ ಮಾಡಿ, ಆಮೇಲಷ್ಟೇ ಖರೀದಿ ಎಂಬ ಶಿಸ್ತು ತಂದವಳು ನಾನು. ಪೊರಕೆಯನ್ನೂ ಬಿಟ್ಟಿಲ್ಲ. ಇಂಥ ನನ್ನನ್ನು ಚಿಕ್ಕಣ್ಣನವರು ಒಂದು ದಿನ ಕರೆದು, "ನೋಡಿ ಮೇಡಂ, ಮ್ಯಾನೇಜರ್ ರಾಮಸ್ವಾಮಿಗಳು ಬರೋ ವರ್ಷ ರಿಟೈರ್ ಆಗ್ತಾರೆ. ಆ ಕುರ್ಚಿ ನಿಮ್ದೇ. ಆದ್ರೆ ಸಾಲ ಕೊಡೋ ಬ್ಯಾಂಕಿನೋರು ಸರ್ಟಿಫಿಕೇಟ್ ಇರೋರೇ ಬೇಕು ಅಂತಾರೆ. ಆ ಕಾಸ್ಟ್ ಅಕೌಂಟಿಂಗ್ ಪರೀಕ್ಷೆ ಅರ್ಧಕ್ಕೆ ಬಿಟ್ಟಿದೀರಲ್ಲ, ಅದೊಂದು ಮುಗಿಸ್ಕೊಂಬಿಡಿ" ಎಂದರು.

ಆ ಪರೀಕ್ಷೆಯ ಕೊನೆಯ ಗ್ರೂಪನ್ನು, ಎಂದರೆ ಕೊನೆಯ ಕೆಲವು ಪೇಪರುಗಳನ್ನು, ನಾನು ಬಿಟ್ಟದ್ದು ಮದುವೆಯ ಗಲಾಟೆಯಲ್ಲಿ. ರಾಮಸ್ವಾಮಿಗಳು ಸಹಿ ಹಾಕುತ್ತಾರೆ ಎಂಬುದೊಂದನ್ನು ಬಿಟ್ಟರೆ ಅವರ ಕೆಲಸವನ್ನೆಲ್ಲ ಮಾಡುತ್ತಿದ್ದವಳು ನಾನೇ. ಆ ಕುರ್ಚಿ ನನಗೆ ಬೇಕಿತ್ತು. ಸುಳ್ಳೇಕೆ ಹೇಳಲಿ, ತುಂಬಾ ಬೇಕಿತ್ತು. ಅದು ಕಿಟಕಿಯ ಪಕ್ಕ ಇದೆ, ಅದಕ್ಕೆ ಕೈಗಳಿವೆ, ಮೇಲಾಗಿ ತಿರುಗುತ್ತದೆ.

ಓದಿದ್ದೆಲ್ಲ ಮರೆತಿದ್ದರಿಂದ ಒಂದು ರಿವಿಷನ್ ಕ್ಲಾಸು ಬೇಕಾಗಿತ್ತು. ಅದೂ ಮಗಳ ಕಾಲೇಜಿನ ಫೀಸು ಕಟ್ಟಿ ಉಳಿದದ್ದರಲ್ಲಿ ಆಗುವಂಥದು. ನಿಯಮದಂತೆ ಹೊರಟೆ. ಈ ಕ್ಲಾಸಿನವರಲ್ಲಿ ಒಂದು ಒಳ್ಳೆಯ ಪದ್ಧತಿ ಎಂದರೆ ಮೊದಲ ಪಾಠ ಬಿಟ್ಟಿ. ಅದಕ್ಕೆ ಡೆಮೊ ಎನ್ನುತ್ತಾರೆ. ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಮೊದಲ ಡೆಮೊ. "ಒಂದು ದೋಸೆ ಹೋಟ್ಲು ಇದೆ ಅಂದ್ಕೊಳಿ" ಎಂದು ಮೇಷ್ಟರು ಶುರುಮಾಡಿದರು. ಬಾಡಿಗೆಯನ್ನು ದೋಸೆ ಹುಯ್ದರೂ ಕೊಡಬೇಕು, ಹುಯ್ಯದಿದ್ದರೂ ಕೊಡಬೇಕು. ಹಿಟ್ಟಿನ ಖರ್ಚು ಹುಯ್ದಷ್ಟಕ್ಕೆ ಮಾತ್ರ. ಎಷ್ಟು ದೋಸೆ ಮಾರಿದರೆ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಸರಿಹೋಗುತ್ತದೋ ಅದು ಬ್ರೇಕ್ ಈವನ್. ತುಂಬಾ ಚೆನ್ನಾಗಿತ್ತು. ಪಕ್ಕದಲ್ಲಿ ಕೂತಿದ್ದ ದಿವ್ಯ ಎಂಬ ಹುಡುಗಿಗೆ ಮಾತ್ರ ಏನೋ ತೊಡಕು. ಪಾಠ ಮುಗಿದ ಮೇಲೆ ಕೆಳಗೆ ಬೇಕರಿಯಲ್ಲಿ ಅವಳಿಗೆ ಖಾರಾ ಬನ್ ಕೊಡಿಸಿ, ಟಿಶ್ಯೂ ಕಾಗದದ ಮೇಲೆ ಲೆಕ್ಕ ಬರೆದು ತಿಳಿಸಿದೆ.

"ಈಗ ಅರ್ಥ ಆಯ್ತು ಆಂಟಿ. ನಾನು ಇಲ್ಲೇ ಸೇರ್ಕೊಂಬಿಡ್ತೀನಿ" ಎಂದಳು.

"ಬೇರೆ ಕಡೆ ವಿಚಾರಿಸಲ್ವೇನಮ್ಮ?"

"ಬಸ್ ಸ್ಟಾಪಿಗೆ ಹತ್ರ ಆಂಟಿ, ಸಾಕು."

ಈಗಿನ ಮಕ್ಕಳಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಎಂದು ಮರುಕಪಟ್ಟುಕೊಂಡು ಮನೆಗೆ ಬಂದೆ.

ಮರುವಾರ ರಾಜಾಜಿನಗರ. ಅಲ್ಲಿಯೂ ದೋಸೆ ಹೋಟೆಲೇ. ಮೆಟ್ರೋ ಹಿಡಿದು ರಾಜರಾಜೇಶ್ವರಿನಗರಕ್ಕೆ ಹೋದರೆ ಅಲ್ಲಿನ ಮೇಷ್ಟರು ಇಡ್ಲಿ ಎಂದರು; ನನಗೆ ಎದ್ದು ನಿಂತು ಕೈಮುಗಿಯಬೇಕೆನ್ನಿಸಿತು. ಮೂರಾಯಿತಲ್ಲ, ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಹೋಲಿಸಲು ಕೂತರೆ ಒಬ್ಬರದರಲ್ಲಿ ಪುಸ್ತಕ ಸೇರಿದೆ, ಇನ್ನೊಬ್ಬರದರಲ್ಲಿ ಜಿಎಸ್‌ಟಿ ಸೇರಿಲ್ಲ. ಮತ್ತೊಬ್ಬರು, ಫೇಲಾದರೆ ಮುಂದಿನ ಸಲ ಉಚಿತ ಎನ್ನುತ್ತಾರೆ. ಇದನ್ನು ಅನುಕೂಲದ ಕಾಲಮ್ಮಿಗೆ ಹಾಕುವುದೋ ಅನನುಕೂಲದ ಕಾಲಮ್ಮಿಗೋ? ಸರಿಯಾಗಿ ಹೋಲಿಸುವಂಥ ಇನ್ನೊಂದು ಸಿಗಲಿ ಎಂದು ಮತ್ತೆ ಹೊರಟೆ. ಫೋನಿನಲ್ಲೇ ಪಾಠ ಹೇಳುವವರನ್ನೂ ಬಿಡಲಿಲ್ಲ. ಅವರ ಕಡೆಯ ಹುಡುಗಿಯೊಬ್ಬಳು ದಿನವೂ ಫೋನ್ ಮಾಡಿ, "ಮೇಡಂ, ಆಫರ್ ಇವತ್ತೇ ಲಾಸ್ಟು" ಎನ್ನುತ್ತಿದ್ದಳು. ಮಾರನೆಯ ದಿನವೂ ಇವತ್ತೇ ಲಾಸ್ಟು. ಕೊನೆಕೊನೆಗೆ ಅವಳು "ಊಟ ಆಯ್ತಾ ಮೇಡಂ" ಎಂದೂ, ನಾನು "ನಿಂದಾಯ್ತೇನಮ್ಮ" ಎಂದೂ ಕೇಳುವಷ್ಟು ಬಳಕೆಯಾಯಿತು. ಪಶ್ಚಿಮ ಬೆಂಗಳೂರಿನಲ್ಲಿ ಆ ಮೊದಲ ಪಾಠವನ್ನು ನನ್ನಷ್ಟು ಸಲ ಕೇಳಿದವರು ಇನ್ನೊಬ್ಬರಿರಲಾರರು. ಎರಡನೆಯ ಪಾಠದಲ್ಲಿ ಏನಿದೆ ಎಂಬುದು ಇವತ್ತಿಗೂ ನನಗೆ ತಿಳಿಯದು.

ಕಂಪಾರಿಟಿವ್ ಮುಗಿದ ದಿನ ಅದನ್ನು ಹೆಮ್ಮೆಯಿಂದ ಯಜಮಾನರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಚೆನ್ನಾಗಿದೆ ಕಣೇ. ಪರೀಕ್ಷೆ ಫಾರ್ಮು ತುಂಬಿದ್ಯಾ?" ಎಂದರು.

"ಕ್ಲಾಸೇ ಗೊತ್ತಾಗಿಲ್ಲ, ಫಾರ್ಮು ಹೇಗ್ರೀ ತುಂಬೋದು?"

"ಫಾರ್ಮಿಗೂ ಕ್ಲಾಸಿಗೂ ಏನೇ ಸಂಬಂಧ?"

ಸಂಬಂಧವಿರಲಿಲ್ಲ. ಕಡೆಯ ದಿನಾಂಕ ಹಿಂದಿನ ವಾರವೇ ಕಳೆದಿತ್ತು. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಎದ್ದು ಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದರು. ನಾನು ಆ ಕಾಫಿಯನ್ನು ಆರುವವರೆಗೆ ಹಿಡಿದುಕೊಂಡು ಕೂತಿದ್ದೆ.

ಮುಂದಿನ ಪರೀಕ್ಷೆ ಇದ್ದೇ ಇರುತ್ತದೆ ಎಂದು ಎಲ್ಲರೂ ಹೇಳಿದರು. ಇದ್ದೇ ಇರುತ್ತದೆ, ನಿಜ. ಅಲ್ಲಿಯವರೆಗೆ ರಾಮಸ್ವಾಮಿಗಳು ಆ ಕುರ್ಚಿಯಲ್ಲಿ ಇರಬೇಕಲ್ಲ. ಅವರಿಗೆ ಶಾಲು ಹೊದಿಸಿ ಹಾರ ಹಾಕಿದ ಮರುದಿನ ಚಿಕ್ಕಣ್ಣನವರು ಕರೆದರು. ಮೇಜಿನ ಮೇಲೆ ಮೂರು ಬಯೋಡೇಟಾ ಇದ್ದವು. "ನಿಮಗೋಸ್ಕರ ಕಾಯೋಣ ಅಂತಿದ್ದೆ ಮೇಡಂ, ಬ್ಯಾಂಕಿನೋರು ಬಿಡ್ತಿಲ್ಲ. ನೀವೇ ಹೇಳ್ಕೊಟ್ಟಿದ್ದಲ್ವಾ, ಮೂರು ಇಲ್ದೆ ಯಾವುದೂ ತಗೋಬಾರ್ದು ಅಂತ. ಮೂರು ತರ್ಸಿದೀನಿ, ಕಂಪಾರಿಟಿವ್ ಮಾಡ್ಕೊಡಿ" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಮೂರನೆಯ ಬಯೋಡೇಟಾದ ಫೋಟೋದಲ್ಲಿ ದಿವ್ಯ ನಗುತ್ತಿದ್ದಳು. ನಾನು ತಪ್ಪಿಸಿಕೊಂಡ ಆ ಪರೀಕ್ಷೆಯಲ್ಲೇ ಪಾಸಾಗಿದ್ದಳು. ಮೂವರಲ್ಲಿ ಕಡಿಮೆ ಸಂಬಳ ಕೇಳಿದ್ದವಳೂ ಅವಳೇ. ನಾಲ್ಕನೆಯದೊಂದು ಕಾಲಮ್ಮು ಎಳೆದು ನನ್ನ ಹೆಸರು ಬರೆಯೋಣವೆಂದು ಒಂದು ಗಳಿಗೆ ಅನ್ನಿಸಿತು. ಎಳೆದೆ ಕೂಡ. ಅರ್ಹತೆ ಎಂಬಲ್ಲಿ ದೋಸೆ ಹೋಟೆಲಿನ ಹೊರತು ತುಂಬಲು ಏನೂ ಹೊಳೆಯದೆ ಅಳಿಸಿದೆ. ದಿವ್ಯಳ ಹೆಸರಿನ ಮುಂದೆ ಎಲ್-ಒನ್ ಎಂದು ಬರೆದು, ಕೆಳಗೆ ಸಹಿ ಹಾಕಿ ಒಳಗೆ ಕೊಟ್ಟೆ. ನಾನು ಮಾಡಿದ ಕಂಪಾರಿಟಿವ್‌ಗಳಲ್ಲೆಲ್ಲ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಅವಳು ಒಳ್ಳೆಯ ಹುಡುಗಿ. ಬಂದ ದಿನವೇ ಚಿಕ್ಕಣ್ಣನವರೆದುರು, "ಸಾರ್, ಬ್ರೇಕ್ ಈವನ್ ನನಗೆ ಹೇಳ್ಕೊಟ್ಟಿದ್ದೇ ಈ ಆಂಟಿ" ಎಂದಳು. ಅವರು ನನ್ನತ್ತ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಮೊನ್ನೆ ಹೊಸ ಪ್ರಿಂಟರಿಗೆ ಮೂರು ಕೊಟೇಷನ್ ತಂದು ಅವಳ ಮುಂದಿಟ್ಟೆ. ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಇತ್ತ ತಿರುಗಿ, ಮೇಲಿನದೊಂದನ್ನೇ ನೋಡಿ, "ಇದೇ ಆಗುತ್ತೆ ಆಂಟಿ, ತರಿಸ್ಬಿಡಿ" ಎಂದಳು. ಉಳಿದೆರಡನ್ನು ತೆರೆಯಲೂ ಇಲ್ಲ.

ಅಂದು ಸಂಜೆ ಬಸ್ಸಿಳಿದವಳು ನಾನೂ ಬದಲಾಗಬೇಕೆಂದು ಗಟ್ಟಿ ಮನಸ್ಸು ಮಾಡಿ, ಎದುರಾದ ಮೊದಲ ಗಾಡಿಯಲ್ಲೇ, ಚೌಕಾಸಿ ಕೂಡ ಮಾಡದೆ, ಕೊತ್ತಂಬರಿ ಕೊಂಡೆ. ಮನಸ್ಸು ಹಗುರಾಯಿತು. ಹತ್ತು ಹೆಜ್ಜೆ ನಡೆದ ಮೇಲೆ, ಸುಮ್ಮನೆ ತಿಳಿದುಕೊಳ್ಳೋಣವೆಂದು, ಇನ್ನೆರಡು ಗಾಡಿಗಳಲ್ಲಿ ಕೇಳಿದೆ. ಎರಡರಲ್ಲೂ ನನ್ನದಕ್ಕಿಂತ ಅಗ್ಗವಿತ್ತು.