ಮುಟ್ಟಿದರೂ ಮುನಿಯದ ಮುಟ್ಟಿದರೆ ಮುನಿಯವರಿಗೆ

ಇವರಿಗೆ,
ಮಾನ್ಯ ಮುಟ್ಟಿದರೆ ಮುನಿಯವರು,
ನೀಲಿ ಬಣ್ಣದ ಡಬ್ಬ, ಬೀಗದ ಅಂಗಡಿಯ ಬಾಗಿಲಿನ ಎಡಗಡೆ, ಬಿಸಿಲು ಬೀಳುವ ಮೂಲೆ.

ಮಾನ್ಯರೇ,

ತಮ್ಮ ಎಲ್ಲ ಎಲೆಗಳಿಗೂ, ಆ ಎಲೆಗಳಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಕೂತ ಕಿರಿಯೆಲೆಗಳಿಗೂ, ಮೊನ್ನೆ ತಾನೇ ಅರಳಿದ ಗುಲಾಬಿ ಬಣ್ಣದ ಎರಡು ಹೂಗಳಿಗೂ, ನನ್ನ ಬೆರಳಿನ ರುಚಿ ಚೆನ್ನಾಗಿ ಬಲ್ಲ ಮುಳ್ಳುಗಳಿಗೂ ಬೇರೆ ಬೇರೆಯಾಗಿ ನನ್ನ ವಂದನೆಗಳು. ನಾನು ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣಲಿಲ್ಲ, ಏಕೆಂದರೆ ತಾವು ಎದೆಯುಬ್ಬಿಸಿಕೊಂಡು ನಿಂತಿರುವುದು ನಾನು ಈ ಪತ್ರ ಬರೆಯುತ್ತಿರುವ ಸ್ಟೂಲಿಗೇ ಕಾಣುತ್ತಿದೆ, ಮತ್ತು ಆ ಎದೆಯುಬ್ಬಿಸುವಿಕೆಯೇ ನನ್ನ ದೂರಿನ ವಿಷಯ.

ತಮ್ಮನ್ನು ಯಾವ ಹೆಸರಿನಿಂದ ಸಂಬೋಧಿಸಬೇಕೆಂಬ ಯೋಚನೆಯಲ್ಲೇ ಎರಡು ಹಾಳೆ ದಂಡವಾದವು. ಕೆಲವರು ತಮ್ಮನ್ನು ನಾಚಿಕೆ ಮುಳ್ಳು ಎನ್ನುತ್ತಾರೆ. ಕಳೆದ ಗುರುವಾರದ ಘಟನೆಯ ನಂತರ ತಮ್ಮಲ್ಲಿ ಮುಳ್ಳು ಮಾತ್ರ ಉಳಿದಿದೆ ಎಂದು ಖಾತ್ರಿಯಾದ್ದರಿಂದ ಆ ಹೆಸರನ್ನು ಹೊಡೆದುಹಾಕಿದೆ. ಮುಟ್ಟಿದರೆ ಮುನಿ ಎಂಬುದೂ ಈಗ ತಮಗೆ ಸಲ್ಲದ ಹೆಸರೇ. ಆದರೂ ಕೆಲಸ ಬಿಟ್ಟ ಅಧಿಕಾರಿಗಳನ್ನು ಜನ ಹಳೆಯ ಹುದ್ದೆಯ ಹೆಸರಿನಿಂದಲೇ ಕರೆಯುತ್ತಾರಲ್ಲ, ಆ ಸೌಜನ್ಯಕ್ಕಾಗಿ ಉಳಿಸಿಕೊಂಡಿದ್ದೇನೆ.

ನನ್ನ ಪರಿಚಯ ತಮಗಿದ್ದರೂ, ಇದು ಅಂಗಡಿಯ ಶಟರಿನ ಮೇಲೆ ಅಂಟಿಸಲಿರುವ ಬಹಿರಂಗ ಪತ್ರವಾದ್ದರಿಂದ, ದಾರಿಹೋಕರ ತಿಳಿವಳಿಕೆಗಾಗಿ ಎರಡು ಮಾತು ಹೇಳಿಕೊಳ್ಳುತ್ತೇನೆ. ಈ ಬೀದಿಯಲ್ಲಿ ನನ್ನನ್ನು ಬೀಗದ ಮಾಮ ಎನ್ನುತ್ತಾರೆ. ಮೂವತ್ತೊಂದು ವರ್ಷಗಳಿಂದ ಬೀಗ ತೆರೆಯುತ್ತಿದ್ದೇನೆ. ನನ್ನ ಕೈಗೆ ಬಂದು ತೆರೆಯದೆ ಹೋದ ಬೀಗ ಇನ್ನೂ ತಯಾರಾಗಿಲ್ಲ. ತಯಾರಾಗಿದ್ದರೆ ಅದು ನನ್ನ ಹೆಸರು ಕೇಳಿಯೇ ಈ ಕಡೆ ಬಂದಿಲ್ಲ. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಏಳನೆಯದೊಂದನ್ನೇ ಮೂರು ವರ್ಷ ಓದಿದ್ದರಿಂದ ಆ ತರಗತಿಯ ವಿಷಯದಲ್ಲಿ ನನಗಿರುವ ಆಳವಾದ ಜ್ಞಾನ, ಒಂದೇ ವರ್ಷದಲ್ಲಿ ಹಾರಿಹೋದ ಆತುರಗಾರರಿಗೆ ಇರಲು ಸಾಧ್ಯವಿಲ್ಲ. ಮುಚ್ಚಿದ್ದನ್ನು ತೆರೆಸುವುದು ನನ್ನ ಕಸುಬು. ತಾವು ಬಂದ ಮೇಲೆ, ತೆರೆದದ್ದನ್ನು ಮುಚ್ಚಿಸುವುದು ನನ್ನ ಹವ್ಯಾಸವೂ ಆಯಿತು.

ತಾವು ಬಂದ ಬಗೆಯನ್ನಾದರೂ ನೆನಪಿಸಿಕೊಳ್ಳಿ. ಕೀಲಿ ಉಜ್ಜಿದ ಪುಡಿ, ತುಕ್ಕು ಹಿಡಿದ ಸ್ಪ್ರಿಂಗು, ಯಾವ ಬೀಗಕ್ಕೂ ಆಗದ ಕೀಲಿಗಳನ್ನು ಎಸೆಯುತ್ತಿದ್ದ ಡಬ್ಬದಲ್ಲಿ, ಯಾರೂ ಕರೆಯದೆ, ಬಾಡಿಗೆಯ ಮಾತೆತ್ತದೆ ಹುಟ್ಟಿಕೊಂಡಿರಿ. ಕಿತ್ತೆಸೆಯಲು ಕೈ ಹಾಕಿದೆ. ತಾವು ಮೆಲ್ಲಗೆ ಮುದುರಿಕೊಂಡು ಕೊಂಬೆಸಮೇತ ತಲೆಬಾಗಿದಿರಿ. ಇಷ್ಟು ವರ್ಷ ಅಂಗಡಿ ನಡೆಸಿದರೂ ಯಾರೊಬ್ಬರೂ ನನ್ನ ಮುಂದೆ ಹಾಗೆ ತಲೆಬಾಗಿರಲಿಲ್ಲ. ಅಂದಿನಿಂದ ಕುಡಿಯುವ ನೀರಿನಲ್ಲಿ ಅರ್ಧ ಲೋಟ ತಮ್ಮದಾಯಿತು.

ಆಮೇಲಿನ ತಮ್ಮ ಕೀರ್ತಿಯನ್ನು ಬಣ್ಣಿಸಲು ನನ್ನ ಏಳನೆಯ ತರಗತಿಯ ಭಾಷೆ ಸಾಲದು. ಕೀಲಿ ಕೊರೆಯುವವರೆಗೆ ಕಾಯುತ್ತಿದ್ದ ಗಿರಾಕಿಗಳ ಮುಂದೆ ನಾನು ಗಂಟಲು ಸರಿಪಡಿಸಿಕೊಂಡು, "ಎಲ್ಲಿ, ಸಾಹೇಬರಿಗೆ ತಲೆಬಾಗು" ಎಂದು ಬೆರಳು ತಾಗಿಸುತ್ತಿದ್ದೆ, ತಾವು ಬಾಗುತ್ತಿದ್ದಿರಿ. ಪಕ್ಕದ ಅಂಗಡಿಯ ದರ್ಜಿ ಹೊಟ್ಟೆಕಿಚ್ಚಿನಿಂದ, "ಅದು ಯಾರು ಮುಟ್ಟಿದ್ರೂ ಮುದುರುತ್ತೆ ಕಣಣ್ಣ, ನಿನ್ನ ಮುಖ ನೋಡಿ ಅಲ್ಲ" ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಕೂಗುತ್ತಿದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಕ್ಕೆ ಹತ್ತು ಪ್ರದರ್ಶನ ಇದ್ದದ್ದು ಇಪ್ಪತ್ತಾಯಿತು, ನಲವತ್ತಾಯಿತು. ಗಿರಾಕಿ ಇಲ್ಲದಾಗ ಕೈ ತಪ್ಪಬಾರದೆಂದು ಅಭ್ಯಾಸ ಬೇರೆ. ಸಂಜೆಯಾದೊಡನೆ ತಾವು ಯಾರೂ ಮುಟ್ಟದೆಯೇ ಕಚೇರಿ ಮುಚ್ಚಿಬಿಡುತ್ತೀರಿ ಎಂಬುದೊಂದೇ ಆಗ ತಮ್ಮ ಮೇಲೆ ನನಗಿದ್ದ ಅಸಮಾಧಾನ.

ಇನ್ನು ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಾವು ಮಾಡಿದ ದ್ರೋಹದ ತೂಕ ಆಕೆಯ ವಿಷಯ ತಿಳಿಯದೆ ಯಾರಿಗೂ ತಿಳಿಯದು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದವಳು. ತಾವು ಮುಟ್ಟಿದರೆ ಮುನಿ ಎಂಬ ಹೆಸರನ್ನು ತಮ್ಮ ಸ್ವಂತದ್ದೆಂದು ತಿಳಿದಿದ್ದರೆ ಕ್ಷಮಿಸಿ; ಐದು ದಶಕಗಳ ಕೆಳಗೆ, ಕಾಲುವೆಯ ಬದುವಿನ ಮೇಲೆ ತಮ್ಮ ಹಿರಿಯರನ್ನು ಮುಟ್ಟಿ ಆಡುತ್ತಿದ್ದಾಗಲೇ, ನಾನು ಅದನ್ನು ಅಕ್ಕನಿಗೆ ಇಟ್ಟಾಗಿತ್ತು. ಕೆಣಕಿದರೆ ಸಾಕು, ಮೊದಲು ಆಕೆಯ ಮೂಗಿನ ತುದಿ ಕೆಂಪಾಗುತ್ತದೆ, ಆಮೇಲೆ ಕಿವಿ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಒಂದು ಚೀಲ ಬಾಳೆಹಣ್ಣು ಹಿಡಿದು ಬಂದು, "ಲೋ ಕತ್ತೆ, ತಿಂದು ಸಾಯಿ" ಎನ್ನುತ್ತಾಳೆ. ಬೇರೆ ಮನೆಗಳಲ್ಲಿ ಜನ ಕ್ಷೇಮಸಮಾಚಾರ ಕೇಳುತ್ತಾರೆ, ನಮ್ಮಲ್ಲಿ ಈ ವ್ಯವಸ್ಥೆ. ನಾನು ಆಕೆಯ ಕನ್ನಡಕವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ, ಆಕೆಯನ್ನು ನೋಡಲು ಬಂದ ವರನಿಗೆ ಈಕೆ ನಿದ್ದೆಯಲ್ಲಿ ಮಗ್ಗಿ ಹೇಳುತ್ತಾಳೆ ಎಂದು ಎಚ್ಚರಿಸಿದ್ದೇನೆ, ಆ ವರ ಭಾವನಾದ ಮೇಲೆ ಅದು ನಿಜವೆಂದು ಎಲ್ಲರೆದುರು ಅವರ ಬಾಯಿಂದಲೇ ಹೇಳಿಸಿದ್ದೇನೆ. ಪ್ರತಿ ಸಲವೂ ಮೂಗು, ಕಿವಿ, ಎರಡು ದಿನ, ಬಾಳೆಹಣ್ಣು.

ಐದು ತಿಂಗಳ ಹಿಂದೆ ಅಕ್ಕನ ನಿವೃತ್ತಿಯ ಬೀಳ್ಕೊಡುಗೆ ನಡೆಯಿತು. ಸಭಾಂಗಣ ತುಂಬಿತ್ತು. ಕುಟುಂಬದ ಪರವಾಗಿ ಎರಡು ಮಾತಾಡಲು ಕರೆದರು. ತಮಗೆ ಗೊತ್ತಿರುವಂತೆ ನನ್ನ ಎರಡು ಮಾತು ಮುಗಿಯಲು ಮುಕ್ಕಾಲು ಗಂಟೆ ಬೇಕು. ಅಕ್ಕ ಹತ್ತು ವರ್ಷದವಳಾಗಿದ್ದಾಗ ಹಿತ್ತಿಲಲ್ಲಿ ಹನ್ನೊಂದು ಕೋಳಿಗಳನ್ನು ಕೂರಿಸಿಕೊಂಡು ಶಾಲೆ ನಡೆಸುತ್ತಿದ್ದ ಕಥೆಯನ್ನು ಹೇಳಿದೆ. ಹನ್ನೆರಡು ನಂಬರಿನವರೆಗೆ ಹಾಜರಿ ಕರೆಯುತ್ತಿದ್ದುದು, ತಡವಾಗಿ ಬಂದ ಹುಂಜವನ್ನು ಹೊರಗೆ ನಿಲ್ಲಿಸುತ್ತಿದ್ದುದು, ಪಾಠದ ನಡುವೆ ಮೊಟ್ಟೆಯಿಟ್ಟ ಕೋಳಿಗೆ ಶಿಸ್ತಿನ ಕುರಿತು ಭಾಷಣ ಮಾಡುತ್ತಿದ್ದುದು, ಎಲ್ಲವನ್ನೂ ಕೊಕ್ಕೊಕ್ಕೋ ಸಮೇತ ನಟಿಸಿ ತೋರಿಸಿದೆ. ಕೋಳಿ ಹನ್ನೊಂದಾದರೆ ಹಾಜರಿ ಹನ್ನೆರಡು ಹೇಗೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಚಟ ನನಗಿಲ್ಲ. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು, ಹೊತ್ತಾಯಿತು, ಹಾರ ಹಾಕಿದರು, ಫೋಟೊ ತೆಗೆದರು, ದೀಪ ಆರಿಸಿದರು. ಅಕ್ಕ ಒಂದು ವಾರ ಕೂತು ಬರೆದಿದ್ದ ನಾಲ್ಕು ಹಾಳೆಯ ಭಾಷಣ ಆಕೆಯ ಕೈಚೀಲದಲ್ಲೇ ಮನೆಗೆ ಹೋಯಿತು.

ನಾನು ಮೂಗು ನೋಡಿದೆ. ಕೆಂಪಾಗಲಿಲ್ಲ. ಎರಡು ದಿನ ಕಾದೆ, ಎಂಟು ದಿನ ಕಾದೆ, ಬಾಳೆಹಣ್ಣು ಬರಲಿಲ್ಲ. ನಾನೇ ಫೋನು ಮಾಡಿದರೆ ಆ ಕಡೆಯಿಂದ, "ಚೆನ್ನಾಗಿದೀನಿ. ನೀವು ಚೆನ್ನಾಗಿದೀರಾ?" ಎಂಬ ಮಾತು ಬಂತು. ಮಾನ್ಯರೇ, ತಾವು ಗಿಡ. ನೀನು, ನೀವು ಎಂಬ ವ್ಯತ್ಯಾಸದ ಮುಳ್ಳು ತಮಗೆ ತಾಗಿರಲಾರದು. ಅಕ್ಕನ ಬಾಯಿಂದ ಬಹುವಚನ ಸಿಗುವುದು ಗುರುತಿಲ್ಲದವರಿಗೆ ಮತ್ತು ಲೆಕ್ಕದಿಂದ ತೆಗೆದುಹಾಕಿದವರಿಗೆ. ಹುಟ್ಟಿದಂದಿನಿಂದ ಲೋ, ಕತ್ತೆ, ಪೆದ್ದ ಎನಿಸಿಕೊಂಡು ಗೌರವದಿಂದ ಬದುಕಿದ ನಾನು ಐವತ್ತಾರನೆಯ ವಯಸ್ಸಿನಲ್ಲಿ ಏಕಾಏಕಿ "ನೀವು" ಆಗಿಹೋದೆ. "ನಿಮಗೆ ಬೇಕಾಗಿದ್ದು ಇದೇ ತಾನೇ, ಮರ್ಯಾದೆ?" ಎಂದು ನನ್ನ ಹೆಂಡತಿ ನಕ್ಕಳು. ಎರಡನೆಯ ತಿಂಗಳಲ್ಲಿ ಅವಳೂ ನಗುವುದನ್ನು ನಿಲ್ಲಿಸಿದಳು.

ಈಗ ಗುರುವಾರ. ಅಕ್ಕ ಅಂಗಡಿಯ ಮೆಟ್ಟಿಲು ಹತ್ತಿ ಬಂದು, "ಬೀರುವಿನ ಕೀಲಿ ಕಳೆದಿದೆ. ನಿಮಗೆ ಬಿಡುವಾದಾಗ ಬಂದು ನೋಡಿದರೆ ಉಪಕಾರವಾಗುತ್ತೆ" ಎಂದಳು. ಉಪಕಾರ! ಬೀದಿಯ ಕೊನೆಯ ಮನೆಯವರೂ ನನ್ನ ಹತ್ತಿರ ಅಷ್ಟು ಮರ್ಯಾದೆಯಿಂದ ಮಾತಾಡುವುದಿಲ್ಲ. ಆಗ ನನಗೆ ತಮ್ಮ ನೆನಪಾಯಿತು. ಇವರನ್ನು ಮುಟ್ಟುತ್ತೇನೆ, ಇವರು ಮುದುರುತ್ತಾರೆ, ಅಕ್ಕನಿಗೆ ಕಾಲುವೆಯ ಬದು ನೆನಪಾಗುತ್ತದೆ, ಒಂದು ಸಲ "ಲೋ" ಎನ್ನುತ್ತಾಳೆ ಎಂದು ಲೆಕ್ಕ ಹಾಕಿ, "ನೋಡಕ್ಕ, ನಿನ್ನ ಹೆಸರಿನವರು ಇಲ್ಲೊಬ್ಬರಿದ್ದಾರೆ" ಎಂದು ದರ್ಜಿಯನ್ನೂ ಸಾಕ್ಷಿಗೆ ಕರೆದು, ಬೆರಳು ಚಾಚಿದೆ.

ತಾವು ನಿಂತೇ ಇದ್ದಿರಿ.

ಇನ್ನೊಮ್ಮೆ ಮುಟ್ಟಿದೆ. ಸವರಿದೆ. ತಟ್ಟಿದೆ. ಊದಿದೆ. ಯಾರಿಗೂ ಕೇಳದಂತೆ ಬಗ್ಗಿ, ದಯವಿಟ್ಟು ಎಂದೂ ಹೇಳಿದೆ. ಒಂದೇ ಒಂದು ಕಿರಿಯೆಲೆಯನ್ನಾದರೂ ಮಡಚಿದ್ದರೆ ತಮ್ಮ ಆಸ್ತಿ ಕರಗುತ್ತಿತ್ತೆ? ದರ್ಜಿ ಕತ್ತಿನಲ್ಲಿ ಟೇಪು ತೂಗಾಡಿಸಿಕೊಂಡು, "ಏನಣ್ಣ, ಇವತ್ತು ರಜಾನಾ ಅದಕ್ಕೆ?" ಎಂದ. ಹುಷಾರಿಲ್ಲ ಎಂದು ನಾನು ತಮ್ಮ ಪರವಾಗಿ ಸುಳ್ಳು ಹೇಳಿದೆ. ಅದನ್ನೂ ತಮ್ಮ ಖಾತೆಗೇ ಬರೆದುಕೊಳ್ಳಿ.

ಅಕ್ಕ ಕನ್ನಡಕ ಏರಿಸಿಕೊಂಡು ತಮ್ಮ ಮೇಲೆ ಬಗ್ಗಿದಳು. "ದಿನಕ್ಕೆ ಎಷ್ಟು ಸಾರಿ ಮುಟ್ತೀರಿ ಇದನ್ನ?" ಎಂದಳು. ನಲವತ್ತು ಎಂದೆ, ಹೆಮ್ಮೆಯಿಂದಲೇ. "ಹಾಗಿದ್ರೆ ಇದಕ್ಕೆ ಅಭ್ಯಾಸವಾಗಿದೆ. ಈ ಬೆರಳಿಂದ ಜೀವಕ್ಕೇನೂ ಅಪಾಯ ಇಲ್ಲ, ಬರೀ ಕಾಟ ಅಂತ ಗೊತ್ತಾಗಿಬಿಟ್ಟಿದೆ. ಪ್ರತಿ ಸಾರಿ ಮುದುರೋಕೂ ತ್ರಾಣ ಬೇಕಲ್ಲ, ಪಾಪ" ಎಂದು, ತರಗತಿಯಲ್ಲಿ ಪಾಠ ಮಾಡುವ ದನಿಯಲ್ಲೇ, ಎಲೆಯನ್ನು ನೋಡುತ್ತಲೇ ಹೇಳಿದಳು. ದರ್ಜಿಯ ನಗು ಅಲ್ಲಿಗೇ ನಿಂತಿತು. ನಾನು ಬೆರಳನ್ನು ಹಿಂದಕ್ಕೆ ತೆಗೆದು ಅಂಗಿಗೆ ಒರೆಸಿಕೊಂಡೆ. ಆಕೆ ಕೈಚೀಲದಿಂದ ಬಾಟಲಿ ತೆಗೆದು ನಾಲ್ಕು ಹನಿ ತಣ್ಣೀರು ತಮ್ಮ ಮೇಲೆ ಬಿಟ್ಟಳು. ತಾವು, ನನ್ನ ಅರ್ಧ ಲೋಟ ನೀರಿನ ಋಣದಲ್ಲಿರುವ ತಾವು, ಆ ನಾಲ್ಕು ಹನಿಗೆ ಕೊಂಬೆಸಮೇತ ಕುಸಿದು ಬಾಗಿದಿರಿ. "ಮುನಿಸು ಹೋಗಿಲ್ಲ. ಬೇರೆ ಥರ ಮುಟ್ಟಬೇಕು, ಅಷ್ಟೆ" ಎಂದು ಅಕ್ಕ ಬಾಟಲಿಯ ಮುಚ್ಚಳ ತಿರುಗಿಸಿದಳು.

ಮಾನ್ಯರೇ, ಆಗ ನನ್ನ ಬಾಯಿಂದ ಬಂದ ಮಾತನ್ನು ಮೂವತ್ತೊಂದು ವರ್ಷಗಳಲ್ಲಿ ಈ ಅಂಗಡಿಯ ಗೋಡೆಗಳು ಕೇಳಿರಲಿಲ್ಲ. "ತಪ್ಪಾಯ್ತಕ್ಕ. ಆ ನಾಲ್ಕು ಹಾಳೆ ಓದಿ ಹೇಳು, ಬಾಯಿ ಮುಚ್ಚಿಕೊಂಡು ಕೇಳ್ತೀನಿ" ಎಂದೆ. "ಅವು ಬೀರುವಿನಲ್ಲಿವೆ" ಎಂದಳು.

ಅಂಗಡಿಗೆ ದರ್ಜಿಯನ್ನು ಕಾವಲಿಟ್ಟು ಹೋದೆ. ಮಾಮೂಲಾಗಿ ಅಂಥ ಬೀರುವಿಗೆ ನನಗೆ ಎರಡು ನಿಮಿಷ ಸಾಕು. ಅಂದು ಎರಡು ಸಲ ತಪ್ಪು ತಂತಿ ತುರುಕಿ ಕಾಲು ಗಂಟೆ ಹಿಡಿಯಿತು, ಇದನ್ನು ಓದುವ ಗಿರಾಕಿಗಳು ದಯವಿಟ್ಟು ಮರೆಯಬೇಕು. ಅಕ್ಕ ನಿಂತುಕೊಂಡೇ ಓದಿದಳು. ಮೊದಲ ಹಾಳೆ ಸಹೋದ್ಯೋಗಿಗಳಿಗೆ, ಎರಡನೆಯದು ಮಕ್ಕಳಿಗೆ. ಮೂರನೆಯ ಹಾಳೆ ಹಿತ್ತಿಲಿನಲ್ಲಿ ಶುರುವಾಯಿತು: ಹನ್ನೊಂದು ಕೋಳಿ, ಹುಂಜ, ಮೊಟ್ಟೆ, ನಾನು ಹೇಳಿದ ಕಥೆಯೇ, ನನಗಿಂತ ಚೆನ್ನಾಗಿ. ನಾನು ಬಿಟ್ಟದ್ದು ಕೊನೆಯಲ್ಲಿತ್ತು. ಅಕ್ಷರ ಹಿಡಿಯುವುದಿಲ್ಲ, ದಡ್ಡ ಎಂದು ಶಾಲೆಯಿಂದ ಮನೆಗೆ ಕಳಿಸಿದ್ದ ಆರು ವರ್ಷದ ಹುಡುಗನೊಬ್ಬ ಬೇರೆ ಮಕ್ಕಳೆದುರು ಓದಲು ಹೆದರುತ್ತಿದ್ದ, ಕೋಳಿಗಳೆದುರು ಹೆದರಬೇಕಾಗಿರಲಿಲ್ಲ. ಆ ಶಾಲೆ ನಡೆದದ್ದೇ ಅವನೊಬ್ಬನಿಗಾಗಿ. "ಮೊದಲ ಸಲ ಅವನು ತನ್ನ ಹೆಸರು ತಾನೇ ಬರೆದ ದಿನ ನಾನು ಟೀಚರ್ ಆದೆ" ಎಂದಿತ್ತು ಆ ಹಾಳೆಯ ಕೊನೆಯ ಸಾಲು.

ನಾಲ್ಕನೆಯ ಹಾಳೆಗೆ ಹೋಗಲಾಗಲಿಲ್ಲ. ಅಕ್ಕನ ಮೂಗಿನ ತುದಿ ಕೆಂಪಾಗಿತ್ತು, ಆಮೇಲೆ ಕಿವಿ. "ಹನ್ನೊಂದು ಕೋಳಿ ಕಥೆ ಹೇಳಿದೆ, ಹನ್ನೆರಡನೇ ನಂಬರು ಯಾರು ಅಂತ ಯಾಕೋ ಹೇಳಲಿಲ್ಲ, ಲೋ ಕತ್ತೆ?" ಎಂದು ಆ ಹಾಳೆಗಳಿಂದಲೇ ನನ್ನ ತಲೆಗೆ ಬಾರಿಸಿದಳು. ಇಷ್ಟು ಸುಖವಾದ ಏಟು ನಾನು ಜನ್ಮದಲ್ಲಿ ತಿಂದಿಲ್ಲ. ಲೋ ಎಂದಳು, ಮಾನ್ಯರೇ. ಕತ್ತೆ ಎಂದಳು. ಎರಡು ದಿನ ಮಾತು ಬಿಟ್ಟಳು. ನಿನ್ನೆ ಬಾಳೆಹಣ್ಣು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಗುರುವಾರದ ಗೈರುಹಾಜರಿಗೆ ಕಾರಣ ಬರೆದು, ಬೇರಿನ ಸಹಿ ಹಾಕಿ ಕೊಡತಕ್ಕದ್ದು. ಇನ್ನು ಮುಂದೆ ಮುನಿಯುವ ಮನಸ್ಸಿಲ್ಲದಿದ್ದರೆ ಹಿಂದಿನ ದಿನವೇ ಒಂದು ಎಲೆ ಅಲ್ಲಾಡಿಸಿ ತಿಳಿಸತಕ್ಕದ್ದು. ನನ್ನ ಕಡೆಯಿಂದ ದಿನದ ನಲವತ್ತು ಮುಟ್ಟುವಿಕೆಯನ್ನು ವಾರಕ್ಕೊಂದಕ್ಕೆ ಇಳಿಸಿದ್ದೇನೆ. ದಡ್ಡ ಬೆರಳಿಗೂ ಅಭ್ಯಾಸದಿಂದ ಬುದ್ಧಿ ಬರುತ್ತದೆಯೇ ಎಂದು ತಾವು ನನ್ನ ಮೇಲೆ ಪ್ರಯೋಗ ನಡೆಸಬಹುದು.

ತಮ್ಮ ವಿಶ್ವಾಸಿ, ಬಾಗಿಲಿನ ಬಲಗಡೆಯ ಸ್ಟೂಲಿನಿಂದ,
ಬೀಗದ ಮಾಮ
(ಹಾಜರಿ ಸಂಖ್ಯೆ ಹನ್ನೆರಡು)

ವಿ.ಸೂ.: ಶಟರಿಗೆ ಅಂಟಿಸುವ ಮೊದಲು ಅಕ್ಕ ಇದನ್ನು ಓದಿ, ಹನ್ನೊಂದು ಕಾಗುಣಿತದ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ, "ಅಲ್ವೋ, ಗಿಡಕ್ಕೆ ಉದ್ದಕ್ಕೂ ತಾವು ತಾವು ಅಂತೀಯಲ್ಲ, ಇನ್ನೂ ಕೋಪಾನಾ ಅದರ ಮೇಲೆ?" ಎಂದು ಕೇಳಿದ್ದಾಳೆ. ಹೌದು, ಇದೆ. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ದರ್ಜಿಯ ಎದುರಿಗೆ, ಒಂದೇ ಒಂದು ಸಲ ಮುಟ್ಟುತ್ತೇನೆ. ಆಗಲೂ ತಲೆಬಾಗದಿದ್ದರೆ ಕಿತ್ತೆಸೆಯುವುದಿಲ್ಲ, ನೀರು ನಿಲ್ಲಿಸುವುದಿಲ್ಲ; ಬದುಕಿರುವವರೆಗೂ ತಮ್ಮನ್ನು "ತಾವು" ಎಂದೇ ಕರೆಯುತ್ತೇನೆ.