ಟೇಲ್‌ಗೆ ಏನೂ ಬರವಲ್ದು

ಬೈಯುವ ಯಂತ್ರಗಳಿಗೆ ನಾನು ಹೆದರುವುದಿಲ್ಲ. ಮಿಕ್ಸರ್ ಕೆಟ್ಟರೆ ಗುರ್ ಎನ್ನುತ್ತದೆ, ಸ್ಕೂಟರ್ ಕೆಟ್ಟರೆ ಕೆಮ್ಮುತ್ತದೆ. ಅವುಗಳ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ತಿಳಿಯುತ್ತದೆ. ನನ್ನ ಪಾಲಿಗೆ ಬಂದಿರುವುದು ಆಫೀಸಿನ ಕಪ್ಪು ಪರದೆ. ಅದರಲ್ಲಿ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ, ಕೆಲಸವಾದರೂ ಅದು ತುಟಿ ಬಿಚ್ಚುವುದಿಲ್ಲ, ಆಗದಿದ್ದರೂ ಎಷ್ಟೋ ಸಲ ಬಿಚ್ಚುವುದಿಲ್ಲ. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಬರುವ ನನ್ನಂಥ ಪುಕ್ಕಲನಿಗೆ ಇಂಥ ನೌಕರಿ ಯಾರು ಬರೆದರೋ.

ನಾನಿರುವುದು ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ. ಮೊನ್ನೆ ಮಧ್ಯಾಹ್ನ ಮ್ಯಾನೇಜರರು ಬಂದು, ಕುರುಗೋಡಿನಿಂದ ಹೊಲಿಗೆಯವರನ್ನು ಕರೆತರುವ ಬಸ್ಸು ನಾಳೆ ಒಂದು ತಾಸು ಮೊದಲೇ ಹೊರಡುತ್ತದೆ, ಎಲ್ಲರಿಗೂ ಮೆಸೇಜ್ ಕಳಿಸಿ ಎಂದರು. ಮೆಸೇಜ್ ಮುಟ್ಟದಿದ್ದರೆ ಅಷ್ಟೂ ಹೆಣ್ಣುಮಕ್ಕಳು ಹೋದ ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಲ್ಲಬೇಕು, ದಿನದ ಕೂಲಿಯೂ ಹೋಗಬೇಕು. ನಾನು ಮೂರು ಆಜ್ಞೆಗಳನ್ನು ‘ಪೈಪ್’ ಹಾಕಿ ಜೋಡಿಸಿದೆ. ಪೈಪ್ ಎಂದರೆ ಬೇರೇನಲ್ಲ, ನಡುವೆ ಒಂದು ನೆಟ್ಟನೆಯ ಗೀಟು. ಮೊದಲನೆಯ ಆಜ್ಞೆ ಎಲ್ಲ ನೌಕರರ ಹೆಸರು ಸುರಿಯುತ್ತದೆ, ಎರಡನೆಯದು ಅದರಲ್ಲಿ ಕುರುಗೋಡಿನವರನ್ನು ಆರಿಸುತ್ತದೆ, ಮೂರನೆಯದು ಅವರಿಗೆ ಮೆಸೇಜ್ ಕಳಿಸುತ್ತದೆ. ಎಂಟರ್ ಒತ್ತಿದೆ. ಪರದೆ ಮಿಕಿಮಿಕಿ ನೋಡಿತು. ಹೋಯಿತೋ ಇಲ್ಲವೋ? ತಡೆಯಲಾರದೆ ಕುರುಗೋಡಿನ ಹುಲಿಗೆಮ್ಮನಿಗೆ ಫೋನ್ ಮಾಡಿದೆ. ಅವಳು ಅಲ್ಲಿಂದ ಬರುವ ಹೊಲಿಗೆಯವರಲ್ಲಿ ಹಿರಿಯಳು.

"ಮೆಸೇಜ್ ಬಂತೇನಮ್ಮಾ?"

"ಯಾವ್ ಮೆಸೇಜ್ರಿ ಸಾರ್? ನಿನ್ನಿ ಲಾಟ್ರಿ ಹೊಡದೈತಿ ಅಂತ ಒಂದು ಬಂದಿತ್ತು. ನೀವಾ ಕಳಿಸಿದ್ರೇನು?"

ಪೈಪಿನ ತುದಿಯಲ್ಲಿದ್ದ ಕಳಿಸುವ ಆಜ್ಞೆ ತೆಗೆದು, ಆ ಜಾಗಕ್ಕೆ ‘ಟೇಲ್’ ಎಂಬ ಆಜ್ಞೆ ಹಾಕಿ ನೋಡಿದೆ. ಬಂದದ್ದರಲ್ಲಿ ಕೊನೆಯ ಸಾಲುಗಳನ್ನು ಅದು ತೋರಿಸುತ್ತದೆ. ತೋರಿಸಲು ಒಂದು ಸಾಲೂ ಇರಲಿಲ್ಲ. ಅದೇ ಗಳಿಗೆಗೆ ಹಚ್ಚೊಳ್ಳಿಯಿಂದ ಮಾವನವರ ಫೋನು. ಭಾನುವಾರದ ಊಟಕ್ಕೆ ಕರೆಯಲು ಮಾಡಿದ್ದರಂತೆ, ನಾನು ಕೇಳಿಸಿಕೊಂಡರಲ್ಲವೇ?

"ಈಗ ಪುರುಸೊತ್ತಿಲ್ರಿ ಮಾವ. ಪೈಪ್‌ನ್ಯಾಗ ಕಮಾಂಡ್ ಕೆಟ್ಟೈತಿ, ಟೇಲ್‌ಗೆ ಏನೂ ಬರವಲ್ದು!"

"ಏನಂದ್ರಿ? ಟೇಲ್‌ಗೆ ಬರವಲ್ದಾ? ನಡುವ ಪೈಪ್ ಹಾಕ್ಯಾರೇನು?"

"ಹೌದ್ರಿ, ಎರಡು ಕಡಿ. ಮ್ಯಾಲಿಂದ ನೋಡ್ಕೊಂತ ಬರಬೇಕು," ಎಂದು ಫೋನ್ ಇಟ್ಟೆ.

ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಹಚ್ಚೊಳ್ಳಿ ಇರುವ ಸಿರುಗುಪ್ಪ ತಾಲ್ಲೂಕಿನಲ್ಲಿ ಕಮಾಂಡ್ ಎಂದರೆ ಕಾಲುವೆ ನೀರು ಉಣ್ಣುವ ಜಮೀನು. ಟೇಲ್ ಎಂದರೆ ಕಾಲುವೆಯ ಕಟ್ಟಕಡೆ, ನಮ್ಮ ಮಾವನವರ ಗದ್ದೆ ಇರುವ ಜಾಗ. ಪೈಪ್ ಎಂದರೆ ಕಾಲುವೆಯ ಮೇಲಿನ ಗದ್ದೆಯವರು ಕದ್ದು ಇಟ್ಟು ನೀರು ಎಳೆಯುವಂಥದ್ದು.

ನಾನು ಮಾತ್ರ ಒಂದೊಂದೇ ಆಜ್ಞೆಯನ್ನು ಬಿಡಿಬಿಡಿಯಾಗಿ ಓಡಿಸಿದೆ. ಮೊದಲನೆಯದರಲ್ಲಿ ಹೆಸರುಗಳು ದಬದಬ ಸುರಿದವು. ಎರಡನೆಯದನ್ನು ಸೇರಿಸಿದೊಡನೆ ಎಲ್ಲ ಖಾಲಿ. ಹೆಸರು ಸೇರಿಸಿಕೊಂಡವರು ಊರನ್ನು ಜನ ಹೇಳಿದಂತೆಯೇ ‘ಕುರಗೋಡ’ ಎಂದು ಬರೆದುಕೊಂಡಿದ್ದರು. ನಾನೋ ಶುದ್ಧ ಕನ್ನಡದ ಜಂಬದವನು. ಕೊಂಬು, ದೀರ್ಘ ಒಂದೂ ಬಿಡದೆ ‘ಕುರುಗೋಡು’ ಎಂದು ಹುಡುಕಿದ್ದೆ. ಇಡೀ ಕಾರ್ಖಾನೆಯಲ್ಲಿ ಆ ಊರಿನವರು ಒಬ್ಬರೂ ಇಲ್ಲ ಎಂದು ತಿಳಿದು ಯಂತ್ರ ತೆಪ್ಪಗಾಗಿತ್ತು. ವ್ಯಾಕರಣ ಬಿಟ್ಟು ಜನರ ಬಾಯಿಯ ಊರನ್ನೇ ಬರೆದೆ, ಹೋಯಿತು. ಹೋಯಿತೇ? ಅನುಮಾನ ಬಂತು, ಮತ್ತೆ ಕಳಿಸಿದೆ. ಇನ್ನೂ ಅನುಮಾನ, ಇನ್ನೊಮ್ಮೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಉಗುರು ಕಚ್ಚುತ್ತ ನಿಂತಿದ್ದೆ. ಬಸ್ಸು ತುಂಬಿಕೊಂಡೇ ಬಂತು. ದೇವರೇ, ಬದುಕಿದೆ ಎಂದುಕೊಂಡೆ. ಹುಲಿಗೆಮ್ಮ ಇಳಿಯುತ್ತಲೇ, "ಎಷ್ಟು ಸಲ ಕಳಸ್ತೀರಿ ಸಾರ್? ಊರಿಗೆ ಏನ್ ಬಂತೋ ಅಂತ ನಮ್ಮತ್ತಿ ಗಾಬ್ರಿಯಾಗಿ ಎಲ್ಲಾರ್ನೂ ಎಬ್ಬಿಸಿಬಿಟ್ಲು," ಎಂದಳು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು.

ಆ ಖುಷಿಯಲ್ಲಿ ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಕೆಸರು ಮೆತ್ತಿದ ಚಪ್ಪಲಿಗಳು. ಒಳಗೆ ಮಾವನವರು, ಜೊತೆಗೆ ಹಚ್ಚೊಳ್ಳಿಯ ಇಬ್ಬರು ಹಿರಿಯರು. ಹಿಂದಿನ ದಿನ ಟ್ರ್ಯಾಕ್ಟರ್ ತುಂಬ ಜನ ಕೂಡಿಕೊಂಡು ಕಾಲುವೆಯ ಗುಂಟ ಕತ್ತಲಾಗುವ ತನಕ ನಾನು ಹೇಳಿದ ಪೈಪ್ ಹುಡುಕಿದ್ದರಂತೆ. ನನ್ನ ಹೆಂಡತಿ ನನ್ನನ್ನು ನೋಡಿದ ರೀತಿಗೆ ಚಪ್ಪಲಿ ಬಿಡುವುದನ್ನೇ ಮರೆತೆ.

"ನೀರು ಬರೋಬ್ಬರಿ ಐತ್ರಿ ಅಳಿಯಂದಿರ. ಖರೆ, ಆ ಪೈಪ್ ಮಾತ್ರ ಸಿಗವಲ್ದು. ಎಲ್ಲೈತಿ, ಒಂದೀಟು ತೋರಿಸ್ರಿ."

ಬೇರೆ ದಾರಿ ಇರಲಿಲ್ಲ. ಲ್ಯಾಪ್‌ಟಾಪ್ ತೆರೆದು, ಆ ಗೀಟಿನ ಕೀಲಿಯ ಮೇಲೆ ಬೆರಳಿಟ್ಟು, "ಇದಾರಿ ಮಾವ, ಪೈಪ್," ಎಂದೆ. ಮೂವರೂ ಬಗ್ಗಿ ನೋಡಿದರು. ಒಬ್ಬ ಹಿರಿಯರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇದು ಕೈಕೊಟ್ಟಿದ್ದರಿಂದ ನಿನ್ನೆ ನಾನು ಎಷ್ಟು ಪಾಡು ಪಟ್ಟೆ ಎಂದು ತೊದಲುತ್ತ ವಿವರಿಸಿದೆ. ಮಾವನವರು ನೆಟ್ಟಗೆ ನಿಂತು ಮಗಳ ಕಡೆ ತಿರುಗಿದರು.

"ಯವ್ವಾ, ಇವರು ಆಫೀಸ್‌ನ್ಯಾಗ ಖರೇನಾ ಕೆಲಸ ಮಾಡ್ತಾರೇನವ್ವಾ?"

ಅವಳು ನನ್ನ ಕೈಬಿಡಲಾರಳು ಎಂಬ ಧೈರ್ಯದಿಂದ ಅಡುಗೆಮನೆಯ ಕಡೆ ನೋಡಿದೆ. ಅವಳು ಚಹಾ ಸೋಸುತ್ತ, "ಕೂಡಪ್ಪಾ, ನನಗೂ ಗೊತ್ತಿಲ್ಲ, ಇವತ್ತರ ಕೇಳೂಣು," ಎಂದಳು.